ತಂಗಿಯ ಗೆರೆ

ತಂಗಿ ಅದನ್ನು ಒಳ್ಳೆಯ ಮನಸ್ಸಿನಿಂದಲೇ ಹೇಳಿಕೊಟ್ಟಿದ್ದಳು. ಅಕ್ಕನಿಗೆ ಹೆಚ್ಚು ಉರಿ ತಂದದ್ದು ಅದೇ.

ಅಕ್ಕ ಹೆಂಗಸರ ಬಟ್ಟೆ ಹೊಲಿಯುವ ಟೈಲರ್. ತಂಗಿ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಒಂದನೇ ತಾರೀಕು ಬಂತೆಂದರೆ ಸಂಬಳ. ಒಂದು ಭಾನುವಾರ ಅಂಗಡಿಗೆ ಬಂದವಳು ಮೇಜಿನ ಮೇಲಿದ್ದ ಕತ್ತರಿ, ಚೂರುಬಟ್ಟೆಗಳನ್ನು ಸರಿಸಿ, ಅಕ್ಕನ ಫೋನಿಗೆ ಖರ್ಚುವೆಚ್ಚದ ಆ್ಯಪ್ ಹಾಕಿಕೊಟ್ಟಳು.

“ಬ್ಯಾಂಕಲ್ಲಿ ಇವತ್ತು ಎಷ್ಟಿದೆ ಅಂತ ಇದಕ್ಕೆ ಗೊತ್ತು. ಬಾಡಿಗೆ ಯಾವತ್ತು ಹೋಗುತ್ತೆ, ದುಡ್ಡು ಯಾವತ್ತು ಬರುತ್ತೆ, ಅದನ್ನ ನೀನು ಹೇಳು. ಸಣ್ಣಪುಟ್ಟ ಖರ್ಚನ್ನ ಹಿಂದಿನ ತಿಂಗಳು ನೋಡಿ ಅದೇ ಅಂದಾಜು ಮಾಡುತ್ತೆ. ಎಲ್ಲ ಕೂಡಿ ಕಳೆದು, ಮುಂದೆ ಯಾವ ದಿನ ಎಷ್ಟು ಉಳಿಯುತ್ತೆ ಅಂತ ಗೆರೆ ಎಳೆಯುತ್ತೆ.”

ಅಕ್ಕನ ಗೆರೆ ನಾಲ್ಕು ಹೆಜ್ಜೆ ಏಳುವುದು, ಬಾಡಿಗೆಯ ದಿನ ಮುಗ್ಗರಿಸಿ ನೆಲ ಕಚ್ಚುವುದು.

“ನಿಂದು ತೋರಿಸು” ಅಂದಳು ಅಕ್ಕ.

ತಂಗಿಯದು ತಿಂಗಳಿಗೊಂದು ಮೆಟ್ಟಿಲು ಹತ್ತುತ್ತಾ ಹೋಗಿತ್ತು.

“ಚೆನ್ನಾಗಿದೆ ಬಿಡು” ಅಂದ ಅಕ್ಕ ಕತ್ತರಿಯನ್ನು ಮತ್ತೆ ತನ್ನ ಕಡೆ ಎಳೆದುಕೊಂಡಳು. ಇವಳ ಕಾಲೇಜಿನ ಫೀಸಿನಲ್ಲಿ ಅರ್ಧ ಕಟ್ಟಿದ್ದು ಇದೇ ಹೊಲಿಗೆ ಯಂತ್ರ. ಯಂತ್ರ ತುಳಿದವಳು ಇಲ್ಲೇ ಇದ್ದಾಳೆ, ಮೆಟ್ಟಿಲು ಹತ್ತಿದವಳು ಅವಳು.

ಅಲ್ಲಿಂದ ಮುಂದೆ ಕೈಯಲ್ಲಿ ರವಿಕೆ ಇದ್ದರೂ ತಲೆಯಲ್ಲಿ ತಂಗಿಯ ಗೆರೆ. ಒಂದು ಮಧ್ಯಾಹ್ನ ತಡೆಯಲಾಗದೆ ಆ್ಯಪ್ ತೆರೆದು, ಮುಂದಿನ ಹತ್ತನೇ ತಾರೀಕಿಗೆ ‘ಶಾಲೆಯ ಸಮವಸ್ತ್ರ, ಅರವತ್ತು ಸಾವಿರ’ ಎಂದು ಹಾಕಿದಳು. ಹತ್ತಿರದ ಶಾಲೆಯೊಂದಕ್ಕೆ ದರ ಬರೆದುಕೊಟ್ಟಿದ್ದು ನಿಜ; ಅವರು ಹೂಂ ಅಂದಿರಲಿಲ್ಲ, ಅಷ್ಟೆ. ಗೆರೆ ಚಂಗನೆ ಎದ್ದು ತಂಗಿಯದನ್ನು ದಾಟಿತು. ಅವತ್ತೇ ತಂಗಿಗೆ ತೋರಿಸಿದಳು.

“ಅಬ್ಬಾ ಅಕ್ಕ, ನನ್ನನ್ನೇ ಮೀರಿಸಿದೆಯಲ್ಲ” ಎಂದು ತಂಗಿ ನಿಜವಾಗಿಯೂ ಖುಷಿಪಟ್ಟಳು. ಅವಳ ಮುಖ ಒಂದಿಷ್ಟಾದರೂ ಬಾಡಬೇಕಿತ್ತು ಎಂದು ಅಕ್ಕನಿಗೆ ಬೇಸರವಾಯಿತು.

ದಿನಾ ಆ ಗೆರೆಯನ್ನು ನೋಡಿ ನೋಡಿ, ತಾನೇ ಕಟ್ಟಿದ ಸುಳ್ಳನ್ನು ತಾನೇ ಅರ್ಧ ನಂಬಿಬಿಟ್ಟಳು. ಗುಂಡಿಯ ಕಾಜಾ ಹಾಕುವ ಯಂತ್ರ ಕೊಂಡರೆ ಹೇಗೆ ಎಂದು ಆ್ಯಪಿಗೆ ಬೆಲೆ ಹಾಕಿ ನೋಡಿದಳು. ಆ ಬೆಲೆ ಕಳೆದರೂ ಗೆರೆ ಎತ್ತರದಲ್ಲೇ ಇತ್ತು. ಕೊಂಡಳು.

ಹತ್ತನೇ ತಾರೀಕು ಏನೂ ಬರಲಿಲ್ಲ. ಶಾಲೆಯವರು ಆರ್ಡರನ್ನು ಪೇಟೆಯ ದೊಡ್ಡ ಬಟ್ಟೆ ಅಂಗಡಿಗೆ ಕೊಟ್ಟಿದ್ದರು. ಹದಿನೈದಕ್ಕೆ ಬಾಡಿಗೆಯ ಚೆಕ್ ವಾಪಸಾಗಿ, ಮಳಿಗೆಯ ಮಾಲೀಕರು ಗಿರಾಕಿಗಳ ಎದುರೇ ಬಂದು ನಿಂತರು. ಅಕ್ಕ ತಂಗಿಯ ಮನೆಗೆ ಹೋಗಿ ಎಲ್ಲ ಹೇಳಿದಳು.

“ಬರದೇ ಇರೋ ದುಡ್ಡನ್ನ ಯಾಕೆ ಹಾಕಿದೆ?”

“ನಿನಗಿಂತ ಮೇಲೆ ಕಾಣಲಿ ಅಂತ.”

ತಂಗಿ ಫೋನು ತೆಗೆದು, “ಬಾಡಿಗೆ ಎಷ್ಟು?” ಅಂದಳು.

“ನಿನ್ನ ದುಡ್ಡು ಬೇಡ. ಹೇಳಿ ಹಗುರ ಆಗೋಣ ಅಂತ ಬಂದೆ.”

“ನನ್ನ ಫೀಸು ಕಟ್ಟುವಾಗ ನಾನು ಬೇಡ ಅಂದಿದ್ನಾ?” ತಂಗಿಯ ದನಿ ಗಟ್ಟಿಯಾಯಿತು. “ಆಗ ನನಗೂ ಉರೀತಿತ್ತು ಅಕ್ಕ. ಮನೆಗೆ ಬಂದವರೆಲ್ಲ ನಿನ್ನ ಕೈಕೆಲಸ ಹೊಗಳೋರು. ನಾನು ದಂಡಕ್ಕೆ ತಿನ್ನೋಳು. ನೀನು ಹೊಲಿದ ಲಂಗ ಒಂದು ವರ್ಷ ಪೆಟ್ಟಿಗೆಯಲ್ಲೇ ಇಟ್ಟಿದ್ದೆ, ಗೊತ್ತಾ?”

ಅಕ್ಕನಿಗೆ ಗೊತ್ತಿರಲಿಲ್ಲ. ದುಡ್ಡು ತೆಗೆದುಕೊಂಡಳು.

ಮರುದಿನ ಅದೇ ದೊಡ್ಡ ಅಂಗಡಿಗೆ ಹೋಗಿ, ಸಮವಸ್ತ್ರದ ಶರ್ಟುಗಳಿಗೆ ಕಾಜಾ ಹಾಕಿಕೊಡುತ್ತೇನೆ ಎಂದು ಕೇಳಿದಳು. ತನಗೆ ಬರಬೇಕಿದ್ದ ಆರ್ಡರಿಗೆ ಬೇರೆಯವರ ಕೈಕೆಳಗೆ ತೂತು ಕೊರೆಯುವುದು ಗಂಟಲಲ್ಲಿ ಇಳಿಯದ ಮಾತು. ಆದರೂ ನಾನೂರು ಶರ್ಟು ಹೊತ್ತುಕೊಂಡು ಬಂದಳು. ಆ ಕೂಲಿಯ ದುಡ್ಡನ್ನು ಆ್ಯಪಿಗೆ ಹಾಕಿದ್ದು ಕೈಗೆ ಬಂದ ದಿನ. ಅದರ ಕೆಳಗೇ ತಿಂಗಳು ತಿಂಗಳೂ ಕಳೆಯಬೇಕಾದ ಮೊತ್ತ ಬರೆದು, ‘ತಂಗಿಗೆ’ ಎಂದು ಹೆಸರಿಟ್ಟಳು. ಅಷ್ಟು ಬರೆಯುವಾಗಲೂ, ಇದರಿಂದ ಅವಳ ಗೆರೆ ಇನ್ನಷ್ಟು ಮೇಲೇರುತ್ತದಲ್ಲ ಎಂದು ಒಳಗೆಲ್ಲೋ ಚುರ್ರೆಂದಿತು.