ಓದುವುದಕ್ಕೆ ಮುಂಚೆ

"ಭಾವ, ಫ್ರಿಜ್ಜಲ್ಲಿ ಬೀಗದ ಕೈ ಇದೆ," ಎಂದು ಭಾವಮೈದುನ ಅಡುಗೆಮನೆಯಿಂದ ಕೂಗಿ ಹೇಳಿದ. "ಹಾಲಿನ ಪಾತ್ರೆ ಪಕ್ಕ."

"ಅಲ್ಲೇ ಇರ್ಲಿ ಬಿಡೋ."

"ಫ್ರಿಜ್ಜೂ ಆಫ್ ಆಗಿದೆ."

"ನಾನೇ ಆರಿಸಿದ್ದು."

ಭಾವಮೈದುನ ನೀರಿನ ಲೋಟ ಹಿಡಿದುಕೊಂಡು ಬಾಗಿಲಿಗೆ ಬಂದು ನಿಂತ. "ರೆಕಾರ್ಡ್ ಮಾಡೋವಾಗ ಆರಿಸ್ತಿದ್ರಿ, ಸರಿ. ಈಗ ಬರೀ ಕೇಳೋದಲ್ವಾ? ಕೇಳೋದಕ್ಕೂ ಹಾಲು ಒಡೀಬೇಕಾ?"

ಅದು ಆ ಮನೆಯ ಹಳೆಯ ರೂಢಿ. ಹೆಂಡತಿ ಓದಲು ಕೂರುವ ಮುಂಚೆ, ಫ್ರಿಜ್ಜಿನ ಗುಂಯ್ ಎನ್ನುವ ಸದ್ದು ಮೈಕಿಗೆ ಬೀಳಬಾರದೆಂದು ಅದನ್ನು ಆರಿಸುವುದು. ಮತ್ತೆ ಹಾಕಲು ಮರೆಯದಿರಲೆಂದು ಮನೆಯ ಬೀಗದ ಕೈಯನ್ನು ಅದರೊಳಗೇ ಇಡುವುದು. ಹೊರಗೆ ಹೊರಟಾಗ ಬೀಗದ ಕೈ ಹುಡುಕಲೇಬೇಕಲ್ಲ, ಆಗ ನೆನಪಾಗುತ್ತದೆ ಎಂಬ ಲೆಕ್ಕ. ಆದರೆ ಇಬ್ಬರೂ ಮನೆ ಬಿಟ್ಟು ಹೊರಡುತ್ತಿದ್ದುದೇ ಅಪರೂಪ. ಹಾಗಾಗಿ ಹಾಲು ಒಡೆಯುವುದೂ ರೂಢಿಯೇ ಆಗಿತ್ತು.

ಭಾವ ಬಾನುಲಿ ಕೇಂದ್ರದಲ್ಲಿ ಧ್ವನಿಮುದ್ರಣದ ಕೆಲಸ ಮಾಡಿ ನಿವೃತ್ತರಾದವರು. ಹೆಂಡತಿಯ ತಮ್ಮ ಹೆಡ್‌ಫೋನು, ಸ್ಪೀಕರು ಮಾರುವ ಅಂಗಡಿ ಇಟ್ಟ ಮೇಲೆ ಸಲಹೆ ಕೇಳಲು ಅವರನ್ನು ಕರೆಸಿಕೊಳ್ಳುತ್ತಿದ್ದ. ಅಂಗಡಿಯ ಕೆಲಸದವರೂ ಗಿರಾಕಿಗಳೂ ಅವನ ಬಾಯಿಂದ ಕೇಳಿ ಕೇಳಿ ಅವರನ್ನು ಭಾವ ಎಂದೇ ಕರೆಯತೊಡಗಿದರು. ಹೆಂಡತಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದವಳು. ಕೆಲಸ ಮುಗಿದ ಮೇಲೆ ಕಣ್ಣು ಕಾಣದವರ ಗ್ರಂಥಾಲಯಕ್ಕೆ ಪುಸ್ತಕಗಳನ್ನು ಓದಿಕೊಡುತ್ತಿದ್ದಳು. ಸಾಮಾನಿನ ಕೋಣೆಯ ಗೋಡೆಗೆ ಹಳೆಯ ಹಾಸಿಗೆಗಳನ್ನು ನಿಲ್ಲಿಸಿ, ನಡುವೆ ಒಂದು ಕುರ್ಚಿ, ಒಂದು ಮೈಕು. ಬಾಗಿಲ ಈಚೆ ಮೇಜು. ಅಲ್ಲಿ ಭಾವ, ಕಿವಿಗೆ ಹೆಡ್‌ಫೋನು.

ಆ ಹೆಡ್‌ಫೋನು ಹಿಂಬದಿಯಲ್ಲಿ ಜಾಲರಿ ಇರುವ ಜಾತಿಯದು. ಹಾಕಿಕೊಂಡರೂ ಮನೆಯ ಸದ್ದು ಒಳಗೆ ಬರುತ್ತಿತ್ತು. ಅಗ್ಗದ್ದೇ. ಆದರೆ ಕಿವಿ ಬಲ್ಲವರು ಆರಿಸಿಕೊಂಡ ಅಗ್ಗ. ತನ್ನ ಅಂಗಡಿಯಲ್ಲಿ ಅದನ್ನು ಕಂಡಾಗಲೆಲ್ಲ ಭಾವಮೈದುನನಿಗೆ ಮುಜುಗರ. "ಅಂಗಡಿಯವನ ಭಾವ ಇದನ್ನ ಹಾಕ್ಕೊಂಡು ಓಡಾಡಿದ್ರೆ ನನ್ನ ವ್ಯಾಪಾರ ಏನಾಗ್ಬೇಕು?"

ಈಗ ಅವನು ತಂದಿದ್ದ ಪೆಟ್ಟಿಗೆ ಮೇಜಿನ ಮೇಲಿತ್ತು. ಮರದ ಪೆಟ್ಟಿಗೆ, ಒಳಗೆ ಬಟ್ಟೆಯ ಹಾಸು, ಅದರಲ್ಲಿ ಹೊಸ ಹೆಡ್‌ಫೋನು ಮಲಗಿಸಿದ ಮಗುವಿನಂತೆ ಇತ್ತು.

"ಇದರ ಬೆಲೆ ಕೇಳ್ಬೇಡಿ. ಕೇಳಿದ್ರೆ ಹಾಕ್ಕೊಳ್ಳಲ್ಲ."

"ಕೇಳಲ್ಲ. ನಿನ್ನ ಮುಖ ನೋಡಿದ್ರೇ ಗೊತ್ತಾಗತ್ತೆ, ಒಂದು ಸ್ಕೂಟರ್ ಬರತ್ತೆ."

"ಹಳೇದು ಬರತ್ತೆ," ಎಂದು ಅವನು ನಕ್ಕ. "ಹೋದ ವರ್ಷವೇ ತಂದಿದ್ದೆ ಇದನ್ನ. ನೀವು ಪೇಟೆಗೆ ಹೋಗಿದ್ರಿ. ಅಕ್ಕ ಒಂದೇ ಒಂದು ಸಲ ಹಾಕ್ಕೊಂಡು ತಾನು ಓದಿದ್ದನ್ನ ಕೇಳಿ, ತೆಗೆದು, ಪೆಟ್ಟಿಗೇಲಿಟ್ಟು ನನ್ನ ಕೈಗೇ ಕೊಟ್ಬಿಟ್ಲು. 'ಇದು ಬೇಡ ಕಣೋ. ಅವರಿಗೆ ಹಳೇದೇ ಸಾಕು.' ಜುಗ್ಗಿ. ಅವಳ ಜುಗ್ಗತನ ನಿಮಗೇನು ಹೊಸದಾ?"

ಭಾವ ಸಣ್ಣಗೆ ನಕ್ಕರು. ಅವರಿಗೆ ಈ ವಿಷಯ ಗೊತ್ತಿರಲಿಲ್ಲ.

ಫೋನು ಬಂತು. ಮಾಸ್ತರು. ಗ್ರಂಥಾಲಯದ ಓದುಗರಲ್ಲೆಲ್ಲ ಹಿರಿಯರು, ಹುಟ್ಟಿದಾಗಿನಿಂದ ಕಣ್ಣಿಲ್ಲ. ಅವರ ದನಿ ಎಷ್ಟು ದೊಡ್ಡದೆಂದರೆ ಭಾವಮೈದುನನಿಗೂ ಕೇಳುತ್ತಿತ್ತು.

"ಏನ್ರೀ, ಆ ಕಾದಂಬರೀಲಿ ದೀಪಸ್ತಂಭದವನ ಮಗಳನ್ನ ದೋಣಿ ಹತ್ತಿಸಿ ಬಿಟ್ಬಿಟ್ಟಿದೀರಿ. ಪಾಪ, ಅವಳಿನ್ನೂ ನೀರಲ್ಲೇ ಇದಾಳೆ. ನನಗೂ ವಯಸ್ಸಾಗ್ತಿದೆ, ಬೇಗ ದಡ ಸೇರಿಸಿ."

"ಸೇರಿಸ್ತೀನಿ ಮಾಸ್ತರೇ."

"ಗ್ರಂಥಾಲಯದವರು ಬೇರೆ ಯಾರಿಂದಲೋ ಓದಿಸ್ತಾರಂತೆ, ಈ ವಾರ ನಿಮ್ಮಿಂದ ಬರ್ದೇ ಇದ್ರೆ. ಅದು ಬೇಡ. ಅಮ್ಮನವರು ಹತ್ತಿಸಿದ ದೋಣಿ, ಅವರೇ ಇಳಿಸ್ಲಿ."

ಕೊನೆಯ ಎರಡು ಅಧ್ಯಾಯಗಳನ್ನು ಹೆಂಡತಿ ತೀರಿಕೊಳ್ಳುವ ಮುಂಚೆಯೇ ಓದಿ ಮುಗಿಸಿದ್ದಳು. ಅವನ್ನು ತಿದ್ದಿ ಕಳಿಸುವುದಷ್ಟೇ ಬಾಕಿ. ಆದರೆ ಭಾವ ಆ ಫೈಲುಗಳನ್ನು ತೆರೆಯುವುದು, ಮೊದಲ ವಾಕ್ಯ ಬರುವ ಮುಂಚೆಯೇ ನಿಲ್ಲಿಸುವುದು, ಇದೇ ಆಗಿತ್ತು.

ಅಳುವಿನ ಭಯವಲ್ಲ ಅದು. ಆಸ್ಪತ್ರೆಯಲ್ಲಿ ಡಾಕ್ಟರು ಚಿತ್ರಗಳನ್ನು ಬೆಳಕಿಗೆ ಹಿಡಿದು, ಈ ಕಾಯಿಲೆ ಶ್ವಾಸಕೋಶಕ್ಕೆ ಬಂದು ಬಹಳ ದಿನವಾಗಿದೆ, ಉಸಿರು ಕಟ್ಟುತ್ತಿದ್ದುದು ಮನೆಯವರಿಗೆ ಗೊತ್ತಾಗಲಿಲ್ಲವೇ ಎಂದು ಕೇಳಿದ್ದರು. ಮಹಡಿ ಹತ್ತುವುದನ್ನು ಬಿಟ್ಟಾಗ ಆಕೆ ಮಂಡಿ ನೋವು ಎಂದಿದ್ದಳು, ಅವರು ನಂಬಿದ್ದರು. ಡಾಕ್ಟರು ಹೊರಗೆ ಹೋದ ಮೇಲೆ ಭಾವಮೈದುನ, ಅಳುತ್ತಲೇ, ಒಂದು ಮಾತು ಅಂದುಬಿಟ್ಟಿದ್ದ. "ದಿನಾ ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು ಅವಳನ್ನೇ ಕೇಳ್ತಾ ಕೂತಿರ್ತಿದ್ರಲ್ಲ ಭಾವ. ನಿಮಗೆ ಕೇಳಿಸ್ಲಿಲ್ವಾ?"

ಜೀವನವಿಡೀ ಕಿವಿಯಿಂದ ಅನ್ನ ತಿಂದ ಮನುಷ್ಯ. ಆ ಪ್ರಶ್ನೆ ಅವರೊಳಗೆ ಹೊಕ್ಕು ಅಲ್ಲೇ ಕೂತಿತ್ತು. ಆ ಎರಡು ಅಧ್ಯಾಯಗಳಲ್ಲಿ ಉತ್ತರ ಇರಲೇಬೇಕು. ಅದನ್ನು ಕೇಳುವ ಧೈರ್ಯ ಇರಲಿಲ್ಲ.

"ಹಾಕ್ಕೊಳ್ಳಿ ಭಾವ," ಎಂದು ಭಾವಮೈದುನ ಮೆಲ್ಲಗೆ ಹೇಳಿದ. "ಅಕ್ಕ ಎದುರಿಗೇ ಕೂತ ಹಾಗಿರತ್ತೆ." ಅವನ ದನಿಯಲ್ಲಿ ವ್ಯಾಪಾರ ಇರಲಿಲ್ಲ. ಅವನು ಫ್ರಿಜ್ಜು ಹಾಕಿ, ಬೀಗದ ಕೈ ತಂದು ಮೊಳೆಗೆ ನೇತುಹಾಕಿ, ಅಡುಗೆಮನೆಯಲ್ಲೇ ಪೇಪರು ಬಿಡಿಸಿಕೊಂಡು ಕೂತ.

ಭಾವ ಹೊಸದನ್ನು ಕಿವಿಗೆ ಇಟ್ಟುಕೊಂಡರು. ಮನೆ ಇಲ್ಲವಾಯಿತು. ಫ್ರಿಜ್ಜು, ಬೀದಿ, ಪೇಪರಿನ ಸದ್ದು, ಯಾವುದೂ ಇಲ್ಲ. ಅಭ್ಯಾಸದಂತೆ ಅಧ್ಯಾಯದ ಮೊದಲ ವಾಕ್ಯದಿಂದ ಶುರುಮಾಡಿದರು.

ದನಿ ಅಷ್ಟು ಹತ್ತಿರ ಬಂದಾಗ ಅವರಿಗೇ ಗೊತ್ತಿಲ್ಲದೆ ಬೆನ್ನು ನೆಟ್ಟಗಾಯಿತು. ತುಟಿ ಬಿಚ್ಚುವುದು, ಪುಟದ ಅಂಚಿಗೆ ಬೆರಳು ತಾಗುವುದು, ಎಲ್ಲ ಇತ್ತು. ಸ್ವಲ್ಪ ಹೊತ್ತಿನ ಮೇಲೆ, ಎರಡು ವಾಕ್ಯಗಳ ನಡುವೆ, ಕುರ್ಚಿ ಕಿರ್ ಎಂದಿತು. ಬಲು ಸಣ್ಣ ಸದ್ದು. ಅದರ ಹಿಂದೆಯೇ, ದೂರದಿಂದ, ಹರಿದ ಬಟ್ಟೆ ಎಳೆದಂಥ ಒಂದು ಉಸಿರು. ಮತ್ತೆ ಕಿರ್. ಮತ್ತೆ ದನಿ, ಹತ್ತಿರ, ತಿಳಿಯಾಗಿ, ಏನೂ ಆಗದ ಹಾಗೆ.

ಅವರು ಹಿಂದಕ್ಕೆ ಹೋಗಿ ಮತ್ತೆ ಕೇಳಿದರು. ಇನ್ನೊಂದು ಕಡೆ ಕೇಳಿದರು. ಎಲ್ಲ ಕಡೆಯೂ ಅದೇ. ಆಕೆ ಉಸಿರಿಗಾಗಿ ಪ್ರತಿ ಸಲವೂ ಮೈಕಿನಿಂದ ಮುಖ ತಿರುಗಿಸಿ, ಹಾಸಿಗೆಯ ಗೋಡೆಗೆ ಮುಖ ಒಡ್ಡಿ, ಎಳೆದುಕೊಂಡು, ಮತ್ತೆ ಅದೇ ಜಾಗಕ್ಕೆ ಮರಳಿದ್ದಳು. ಒಂದು ಬೆರಳಿನಷ್ಟು ಆಚೆ ಈಚೆ ಇಲ್ಲ. ಬಾನುಲಿಯಲ್ಲಿ ಪಳಗಿದ ಕಲಾವಿದರಿಗೂ ಹಾಗೆ ಮೈಕಿನ ಅಳತೆ ಸಿಕ್ಕಿದ್ದನ್ನು ಅವರು ಕಂಡಿರಲಿಲ್ಲ. ಬರೆದವರು ಉದ್ದಕ್ಕೆ ಎಳೆದ ವಾಕ್ಯಗಳನ್ನು ಎಲ್ಲಿ ಬೇಕೋ ಅಲ್ಲಿ ಮುರಿದಿದ್ದಳು. ಮುರಿದ ಕಡೆಯಲ್ಲೇ ಅರ್ಥ ಬೆಳಗುತ್ತಿತ್ತು. ದೋಣಿಯಲ್ಲಿ ಕೂತ ಹುಡುಗಿ ದಡದ ದೀಪವನ್ನು ನೋಡುವ ಕಡೆ ಆಕೆ ನಿಂತ ಒಂದು ನಿಲುಗಡೆಯನ್ನು ಅವತ್ತು ಹಳೆಯ ಹೆಡ್‌ಫೋನಿನಲ್ಲಿ ಕೇಳಿದಾಗ ಅವರ ಮೈ ಜುಮ್ಮೆಂದಿತ್ತು. ಎಷ್ಟು ಚೆನ್ನಾಗಿ ತಡೆದೆ ಎಂದು ಹೊಗಳಿದ್ದರು. ಆಕೆ ನಕ್ಕಿದ್ದಳು. ಆ ನಿಲುಗಡೆಯೊಳಗೆ ಇಷ್ಟು ಇತ್ತು.

ಪ್ರತಿ ಅಧ್ಯಾಯ ಮುಗಿದ ಮೇಲೆ ಆಕೆ ಹೊರಗೆ ಬಂದು, ಆ ಹಳೆಯ ಹೆಡ್‌ಫೋನನ್ನು ಅವರ ಕಿವಿಯಿಂದ ಕಿತ್ತು ತನ್ನ ಕಿವಿಗೆ ಹಾಕಿಕೊಂಡು ಪೂರ್ತಿ ಕೇಳುತ್ತಿದ್ದಳು. ಎಲ್ಲೋ ಒಂದೆರಡು ಕಡೆ ಬೆರಳೆತ್ತಿ, "ಇಲ್ಲಿ ಇನ್ನೊಂದ್ಸಲ ಓದ್ತೀನಿ ರೀ," ಎನ್ನುತ್ತಿದ್ದಳು. ಚೆನ್ನಾಗೇ ಇದೆಯಲ್ಲ ಎಂದರೂ ಕೇಳುತ್ತಿರಲಿಲ್ಲ. ಮೇಷ್ಟ್ರ ಬುದ್ಧಿ ಎಂದು ಅವರು ರೇಗಿಸುತ್ತಿದ್ದರು.

ಭಾವ ಈಗ ಫೈಲಿನ ತೀರಾ ಮೊದಲಿಗೆ ಹೋದರು. ಓದಲು ಶುರುಮಾಡುವ ಮುಂಚೆ ಆಕೆ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತಿದ್ದಳು. ಆ ಖಾಲಿ ಭಾಗವನ್ನು ಕಳಿಸುವಾಗ ಅವರು ಕತ್ತರಿಸಿ ತೆಗೆಯುತ್ತಿದ್ದರು. ಅದನ್ನು ಯಾವತ್ತೂ ಕಿವಿಗೊಟ್ಟು ಕೇಳಿರಲಿಲ್ಲ, ಅದರಲ್ಲಿ ಕೇಳುವುದೇನಿದೆ? ಪರದೆಯ ಮೇಲೂ ಅಲ್ಲಿ ನೇರವಾದ ಗೆರೆ.

ಹೊಸ ಹೆಡ್‌ಫೋನಿನಲ್ಲಿ ಆ ಜಾಗ ಖಾಲಿಯಿರಲಿಲ್ಲ. ತುಟಿಗಳು ಆಡುತ್ತಿದ್ದವು. ದನಿಯಲ್ಲ, ಉಸಿರಿನಲ್ಲೇ ಆದ ಮಾತು.

"ಈ ಅಧ್ಯಾಯಕ್ಕಾಗೋವಷ್ಟು ಕೊಡಪ್ಪ. ಅವರ ಕಿವಿಗೆ ಬೀಳದೆ ಇರ್ಲಿ."

ಆಮೇಲೆ ಪುಟ ತಿರುಗಿತು.

ಭಾವ ಎರಡೂ ಕೈಯಲ್ಲಿ ಹೆಡ್‌ಫೋನನ್ನು ತೆಗೆದು ಕೆಳಗಿಟ್ಟರು. ಯಾರೋ ದೇವರೊಡನೆ ಮಾತಾಡುತ್ತಿರುವಾಗ ಬಾಗಿಲು ತಳ್ಳಿಬಿಟ್ಟವರಂತೆ ಅವರಿಗೆ ಮುಖ ಬಿಸಿಯಾಯಿತು. ಮತ್ತೊಮ್ಮೆ ಕೇಳಬೇಕೆಂದು ಅನ್ನಿಸಲಿಲ್ಲ. ಕೊನೆಯ ಅಧ್ಯಾಯದ ಮೊದಲನ್ನು ಆ ಹೆಡ್‌ಫೋನಿನಲ್ಲಿ ತೆರೆಯುವ ಮಾತೇ ಇರಲಿಲ್ಲ. ಅವರು ಕೈ ಮಡಿಲಲ್ಲಿಟ್ಟುಕೊಂಡು, ಸಾಮಾನಿನ ಕೋಣೆಯ ತೆರೆದ ಬಾಗಿಲನ್ನು, ಒಳಗಿನ ಕುರ್ಚಿಯನ್ನು, ಗೋಡೆಗೊರಗಿದ ಹಾಸಿಗೆಯ ಮಾಸಿದ ಪಟ್ಟೆಗಳನ್ನು ನೋಡುತ್ತ ಕೂತರು. ಕಣ್ಣಲ್ಲಿ ನೀರಿರಲಿಲ್ಲ. ಬೆಟ್ಟದ ಬುಡದಲ್ಲಿ ನಿಂತು ತಲೆ ಎತ್ತಿದವನ ಹಾಗೆ ಬಾಯಿ ಕೊಂಚ ತೆರೆದಿತ್ತು. ಆಕೆ ಬೇಡಿದ್ದು ಎರಡು. ಅಧ್ಯಾಯ ಮುಗಿದಿತ್ತು. ಅವರ ಕಿವಿಗೂ ಬಿದ್ದಿರಲಿಲ್ಲ.

"ಹೇಗಿದೆ?" ಭಾವಮೈದುನ ಬಾಗಿಲಲ್ಲಿ ನಿಂತಿದ್ದ.

ಭಾವ ಹೆಡ್‌ಫೋನನ್ನು ಮೆತ್ತಗೆ ಒರೆಸಿ, ಬಟ್ಟೆಯ ಹಾಸಿನ ಮೇಲೆ ಮಲಗಿಸಿ, ಪೆಟ್ಟಿಗೆಯ ಮುಚ್ಚಳ ಹಾಕಿದರು. "ಬಹಳ ದೊಡ್ಡ ವಸ್ತು ಕಣೋ. ತಗೊಂಡು ಹೋಗು. ನನಗೆ ಹಳೇದೇ ಸಾಕು."

"ಅಕ್ಕನೂ ಥೇಟ್ ಹೀಗೇ ಅಂದಿದ್ಲು. ಜೋಡಿ ಸರಿಯಾಗೇ ಸಿಕ್ಕಿದೀರಿ." ಅವನು ಪೆಟ್ಟಿಗೆ ಎತ್ತಿಕೊಳ್ಳಲಿಲ್ಲ. "ಏನಾದ್ರೂ ಕೇಳಿಸ್ತಾ ಭಾವ?"

"ಚೆನ್ನಾಗಿ ಓದಿದಾಳೆ."

"ಅಷ್ಟೇನಾ?"

"ಅದಕ್ಕಿಂತ ಚೆನ್ನಾಗಿ ಯಾರೂ ಓದಿದ್ದನ್ನ ನಾನು ಕೇಳಿಲ್ಲ."

ಅವನು ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆದ. "ಅವತ್ತು ಆಸ್ಪತ್ರೇಲಿ ನಾನು ಹಾಗೆ ಕೇಳ್ಬಾರ್ದಿತ್ತು. ಆಗಿಂದ ನಿಮ್ಮ ಮುಖ ನೋಡಕ್ಕಾಗ್ತಿಲ್ಲ ನನಗೆ."

"ಕೇಳಿದ್ದರಲ್ಲಿ ತಪ್ಪೇನಿಲ್ಲ. ನನಗೆ ಕೇಳಿಸ್ಲಿಲ್ಲ ಕಣೋ. ನಿಜವಾಗ್ಲೂ ಕೇಳಿಸ್ಲಿಲ್ಲ."

ಅದನ್ನು ಹೇಳುವಾಗ ಭಾವನ ಮುಖದಲ್ಲಿ ಇದ್ದದ್ದು ಏನೆಂದು ಅವನಿಗೆ ತಿಳಿಯಲಿಲ್ಲ. ಅದು ದುಃಖದಂತೆ ಕಾಣಲಿಲ್ಲ. ಅವನು ಅಡುಗೆಮನೆಗೆ ಹೋದ.

ಭಾವ ಹಳೆಯ ಹೆಡ್‌ಫೋನನ್ನು ಹಾಕಿಕೊಂಡರು. ಮನೆ ಮೆಲ್ಲಗೆ ಮರಳಿ ಬಂತು. ಬೀದಿಯಲ್ಲಿ ಯಾರೋ ಗಾಡಿ ತಳ್ಳಿಕೊಂಡು ಹೋದರು. ಅಡುಗೆಮನೆಯಲ್ಲಿ ಫ್ರಿಜ್ಜು ಗುಂಯ್‌ಗುಡುತ್ತಿತ್ತು. ಅವರು ಕೊನೆಯ ಅಧ್ಯಾಯದ ಫೈಲನ್ನು ತೆರೆದು, ಮೊದಲ ವಾಕ್ಯಕ್ಕೆ ಹೋಗದೆ, ತೀರಾ ಮೊದಲಿಗೆ ತಂದು ನಿಲ್ಲಿಸಿದರು.

ಆಗ ಫ್ರಿಜ್ಜಿನ ಸದ್ದು ನಿಂತಿತು. ಅದರ ಬಾಗಿಲು ತೆರೆದದ್ದು ಕೇಳಿಸಿತು. ಒಳಗಿನ ತಟ್ಟೆಯ ಮೇಲೆ ಭಾವಮೈದುನ ತನ್ನ ಸ್ಕೂಟರಿನ ಕೀ ಗೊಂಚಲು ಇಟ್ಟ ಸದ್ದು. ಬಾಗಿಲು ಮೆತ್ತಗೆ ಮುಚ್ಚಿಕೊಂಡದ್ದು. ಒಂದು ಕುರ್ಚಿ ಎಳೆದುಕೊಂಡು ಅವನು ಕೂತ.

ಭಾವ ಗುಂಡಿ ಒತ್ತಿದರು. ಹಳೆಯ ಹೆಡ್‌ಫೋನಿನಲ್ಲಿ ಏನೂ ಇರಲಿಲ್ಲ. ಅವರು ಅದನ್ನು ಕತ್ತರಿಸಲಿಲ್ಲ, ಮುಂದಕ್ಕೆ ಓಡಿಸಲೂ ಇಲ್ಲ. ತಲೆ ಬಗ್ಗಿಸಿ, ಆಕೆ ಓದಲು ಶುರುಮಾಡುವವರೆಗೆ ಕಾದರು.