ಎಡಗಿವಿಯ ಹಾಡು

ಐಸಿಯುವಿನಲ್ಲಿ ಅಣ್ಣನ ದಿಂಬಿನ ಪಕ್ಕ ಇಟ್ಟಿದ್ದ ಟೇಪ್‌ರೆಕಾರ್ಡರು ಬೆಳಗಿನಿಂದ ವಚನ ಹಾಡುತ್ತಲೇ ಇತ್ತು. ಕ್ಯಾಸೆಟ್ಟಿನ ಒಂದು ಬದಿ ಮುಗಿದರೆ ಅವ್ವ ಎದ್ದು ಮಗ್ಗಲು ಬದಲಿಸುತ್ತಿದ್ದಳು. ಅಣ್ಣನ ಮಗ್ಗಲು ಬದಲಿಸಲು ಮಾತ್ರ ಇಬ್ಬರು ನರ್ಸ್‌ಗಳು ಬರಬೇಕಿತ್ತು.

ಜನವರಿಯ ಆ ಬೆಳಿಗ್ಗೆ ಆಫೀಸಿಗೆ ಹೊರಟಿದ್ದ ನನ್ನ ಅಣ್ಣ ಶಿವಕಿರಣ್, ಅಮೆರಿಕದ ಪಾರ್ಸಿಪನಿ ಹತ್ತಿರ ರೂಟ್ ಫಾರ್ಟಿಸಿಕ್ಸ್ ಹೆದ್ದಾರಿಯಲ್ಲಿ ಕಣ್ಣಿಗೆ ಕಾಣದ ಐಸ್ ಮೇಲೆ ಕಾರು ಜಾರಿ ಟ್ರಕ್ಕಿನಡಿ ಹೋಗಿದ್ದ. ಆಮೇಲೆ ಕಣ್ಣು ತೆರೆಯಲಿಲ್ಲ. ಅಪ್ಪ ಅವ್ವ ಧಾರವಾಡದಿಂದ ಚೆನ್ನೈಗೆ ಓಡಿ, ಎಮರ್ಜೆನ್ಸಿ ವೀಸಾ ಹಾಕಿಸಿಕೊಂಡು, ಯಾರದೋ ಸ್ವೆಟರ್ ತೊಟ್ಟು ಬಂದಿಳಿಯುವಷ್ಟರಲ್ಲಿ ಡಾಕ್ಟರ ತೀರ್ಮಾನ ಆಗಿತ್ತು. ಮಿದುಳು ಇನ್ನು ತಿರುಗಿ ಬರುವುದಿಲ್ಲ, ಉಸಿರು ಬಹುಪಾಲು ಯಂತ್ರದ್ದು. ಅಪ್ಪ ಬಹಳ ಹೊತ್ತು ಪಾರ್ಕಿಂಗ್ ಲಾಟಿನ ಹಿಮ ನೋಡುತ್ತ ನಿಂತು, ಆಮೇಲೆ ಸಹಿ ಹಾಕಿದರು. ನಾಳೆ ಮಧ್ಯಾಹ್ನ ಯಂತ್ರ ತೆಗೆಯುತ್ತಾರೆ.

"ಅವನಿಗೆ ಇಷ್ಟವಾದ ಹಾಡು ಹಾಕಿ" ಎಂದಿದ್ದಳು ನರ್ಸ್. "ಕೇಳಿಸೀತೋ ಇಲ್ಲವೋ ಹೇಳಲಾರೆ. ಆದರೆ ಕಿವಿ ಎಲ್ಲಕ್ಕಿಂತ ಕೊನೆಗೆ ಹೋಗುತ್ತದೆ ಅಂತಾರೆ."

ನಾನು ಅನುವಾದ ಮಾಡಿ ಮುಗಿಸುವ ಮೊದಲೇ ಅವ್ವ ಚೀಲದಿಂದ ಕ್ಯಾಸೆಟ್ ತೆಗೆದಿದ್ದಳು.

"ಪ್ರತಿ ಐತವಾರ ಫೋನಿನ್ಯಾಗ ಹಿಂದ ವಚನ ಕೇಳಸ್ತಿತ್ರೀ" ಎಂದು ಅವಳು ರಮಾಮಣಿ ಆಂಟಿಗೆ ಹೇಳಿದಳು. ಕನ್ನಡ ಕೂಟದ ಆಂಟಿ ಮೈಸೂರಿನವರು, ನಮ್ಮದೇ ಅಪಾರ್ಟ್‌ಮೆಂಟ್ ಕಾಂಪ್ಲೆಕ್ಸ್. ದಿನವೂ ಡಬ್ಬಿಯಲ್ಲಿ ಮೊಸರನ್ನ ತರುತ್ತಿದ್ದರು. "ಇಷ್ಟ್ ದೂರ ಬಂದ್ರೂ ನನ್ನ ಮಗ ಅದನ್ನ ಬಿಟ್ಟಿಲ್ಲ ಅಂತ ಊರೆಲ್ಲ ಹೇಳ್ಕೊಂಡ್ ಅಡ್ಡಾಡೀನ್ರಿ."

"ಈ ಕಾಲದಲ್ಲಿ ಅಂಥ ಹುಡುಗರು ಎಲ್ಲಿದ್ದಾರೆ ಕಾಶಿಬಾಯಿಯವರೇ" ಎಂದು ಆಂಟಿ ಕಣ್ಣೊರೆಸಿಕೊಂಡರು.

ನಾನು ಮಂಚದ ಕಾಲು ನೋಡುತ್ತ ಕೂತೆ.

ಐತವಾರದ ವಿಷಯ ನನಗೊಬ್ಬಳಿಗೇ ಗೊತ್ತಿತ್ತು. ಎಂ.ಎಸ್. ಮುಗಿಸಿ ಕೆಲಸ ಹುಡುಕುತ್ತ ಅವನ ಜೊತೆಗಿದ್ದೆನಲ್ಲ. ಕಾಲಿಂಗ್ ಕಾರ್ಡಿನ ನಂಬರು ಒತ್ತುವ ಮೊದಲು ಅಣ್ಣ ಟೇಪಿನ ಗುಂಡಿ ಒತ್ತುತ್ತಿದ್ದ. ಫೋನ್ ಇಟ್ಟ ಕೂಡಲೇ ಇನ್ನೊಂದು ಗುಂಡಿ. "ಡ್ಯೂಟಿ ಮುಗೀತ್ ನೋಡ್ ಅಕ್ಷೂ" ಎಂದು ನಗುತ್ತಿದ್ದ. ಆಮೇಲೆ ಮನೆಯಲ್ಲಿ, ಕಾರಿನಲ್ಲಿ, ಒಬ್ಬನದೇ ಹಾಡು. ಜಪಾನಿನ ರ್ಯೋಜಿ ಹತಾನಾಕಾ.

ಮೊದಲ ಸಲ ಕೇಳಿದಾಗ ನಾನು ಅಂದಿದ್ದೆ, "ಇವನ ದನಿ ಮ್ಯಾಲ ಹೋದಾಗೆಲ್ಲ ಒಡೀತದಲ್ಲೋ ಅಣ್ಣಾ."

"ಒಡೀತದ. ಇಂವ ಹಾಡುಗಾರ ಎಲ್ಲಿ ಮಾರಾಯ್ತಿ, ನಟ. ಟಿವಿ ಸೀರಿಯಲ್ಲಿನ್ಯಾಗ ಪೊಲೀಸ್ ಆಗ್ತಿದ್ದ. ನಲವತ್ತ ದಾಟಿದ ಮ್ಯಾಲ ಯಾರೋ ಹಾಡು ಅಂದ್ರು, ಹಾಡಿದ. ನಾ ಜಪಾನದಾಗಿದ್ದಾಗ ಊರ ತುಂಬ ಇವಂದ ಹಾಡು, ಅಂಗಡಿಯೊಳಗ, ಸ್ಟೇಶನ್ನಿನ್ಯಾಗ."

"ಹಾಡಾಕ ಬರಂಗಿಲ್ಲೇನು ಅವಗ?"

"ಹಾಡುಗಾರನ ಪಾರ್ಟು ಮಾಡ್ತಾನ ಅಷ್ಟ. ನಾ ಪ್ರೋಗ್ರಾಮರನ ಪಾರ್ಟು ಮಾಡಂಗಿಲ್ಲೇನು, ಹಂಗ."

ನಕ್ಕು ಹೇಳಿದ, ಆದರೆ ಅದು ತಮಾಷೆಯಲ್ಲ. ಅಣ್ಣ ಓದಿದ್ದು ಸಿವಿಲ್ ಎಂಜಿನಿಯರಿಂಗ್. ವೈಟೂಕೆ ಎಂದು ಎಲ್ಲೆಡೆ ಪ್ರೋಗ್ರಾಮರುಗಳು ಬೇಕಾದ ಗದ್ದಲದಲ್ಲಿ ಹುಬ್ಬಳ್ಳಿಯಲ್ಲಿ ಮೂರು ತಿಂಗಳ ಕಂಪ್ಯೂಟರ್ ಕೋರ್ಸ್ ಮಾಡಿದ್ದ. ಕನ್ಸಲ್ಟೆನ್ಸಿಯವರು ಅವನ ರೆಸ್ಯುಮೆಯಲ್ಲಿ ಐದು ವರ್ಷದ ಅನುಭವ ಬರೆದು, ಅಮೆರಿಕಕ್ಕಿಂತ ಮೊದಲು ಜಪಾನಿನ ಕಾವಾಸಾಕಿ ಊರಿಗೆ ಕಳಿಸಿದರು. ಅಲ್ಲಿ ಆಫೀಸಿನ ಟಾಯ್ಲೆಟ್ಟಿನಲ್ಲಿ ಕೂತು ಮ್ಯಾನ್ಯುಯಲ್ ಓದಿ, ಹೊರಗೆ ಬಂದು ಗೊತ್ತಿದ್ದವನ ಹಾಗೆ ಟೈಪ್ ಮಾಡುತ್ತಿದ್ದನಂತೆ. ಇಂದು ಹಿಡಿಯುತ್ತಾರೆ, ನಾಳೆ ಹಿಡಿಯುತ್ತಾರೆ ಎಂಬ ಅಂಜಿಕೆ. ಸಂಜೆ ರೂಮಿನ ಕೆಳಗಿನ ಅಂಗಡಿಗೆ ಅನ್ನದ ಉಂಡೆ ಕೊಳ್ಳಲು ಹೋದರೆ ಅಲ್ಲಿ ಈ ಹಾಡು.

"ದನಿ ಒಡೀತದ ಅಂತ ಅವಗ ಗೊತ್ತದ. ಕೇಳಾವ್ರಿಗೂ ಗೊತ್ತದ. ಆದ್ರೂ ಯಾರೂ ಅವನ್ನ ಸ್ಟೇಜಿನಿಂದ ಇಳಿಸಂಗಿಲ್ಲ" ಎಂದಿದ್ದ ಅಣ್ಣ. "ಆ ಊರಾಗ ನನಗ ಊಟ ಸೇರಿದ್ದು ಇಂವನ ಸಲವಾಗಿ."

ಇದನ್ನು ನಾನು ಅವ್ವನಿಗೆ ಹೇಗೆ ಹೇಳಲಿ? ಹೇಳಿದರೆ ಅಣ್ಣನಿಗೆ ಅವನ ಹಾಡು ಸಿಗುತ್ತದೆ, ಅವ್ವನ ಐತವಾರಗಳು ಹೋಗುತ್ತವೆ. ಹೇಳದಿದ್ದರೆ ಅಣ್ಣ ಕೊನೆಯವರೆಗೂ ಡ್ಯೂಟಿಯ ಮೇಲೇ ಇರುತ್ತಾನೆ. ಕನ್ನಡ ಕೂಟದ ಯುಗಾದಿ ಕಾರ್ಯಕ್ರಮದಲ್ಲಿ ಹಾಡು ಹೇಳು ಅಂದರೆ ಎಲ್ಲರ ಕೋಟು ತೂಗುಹಾಕುವ ರೂಮಿನಲ್ಲಿ ಅಡಗಿ ಕೂತವಳು ನಾನು. ನಾಲ್ಕು ಜನರೆದುರು ನನ್ನ ಬಾಯಿ ಏಳುವುದಿಲ್ಲ.

ಅಪ್ಪ ಕಾರಿಡಾರಿನಲ್ಲಿ ರಮಾಮಣಿ ಆಂಟಿಯ ಗಂಡ ಬದರೀನಾಥ ಅಂಕಲ್‌ರನ್ನು ಕೇಳುತ್ತಿದ್ದರು, "ಇಲ್ಲೆ ನಮ್ಮ ಪದ್ಧತಿಯಂಗ ಕೂಡಿಸಿ ಮಣ್ಣು ಮಾಡಾಕ ಬಿಡ್ತಾರೇನ್ರಿ?"

ಅಂಕಲ್ ದನಿ ತಗ್ಗಿಸಿದರು. "ಬಾಕ್ಸಲ್ಲಿ ಮಲಗಿಸ್ಲೇಬೇಕಂತೆ ಶಿವಶಂಕರಪ್ಪನೋರೇ. ಫ್ಯೂನರಲ್ ಹೋಮ್‌ನಲ್ಲಿ ಇನ್ನೊಂದ್ ಸಲ ಕೇಳ್ತೀನಿ."

ಅಂಕಲ್ ಹೊರಟಾಗ ಹಿಂದೆಯೇ ಹೋದೆ. "ಅಂಕಲ್, ಅಣ್ಣನ ಕಾರು ಎಲ್ಲಿದೆ?"

ಟೋ ಮಾಡಿದ ಕಾರುಗಳ ಯಾರ್ಡಿನಲ್ಲಿ ಅದಿತ್ತು. ಬಾನೆಟ್ಟಿನ ಭಾಗ ಇರಲಿಲ್ಲ. ಡ್ರೈವರ್ ಸೀಟಿನ ಮೇಲೆ ಹಿಮ ಬಿದ್ದಿತ್ತು, ಹಿಮದ ಕೆಳಗೆ ಏನೋ ಕಂದು ಕಲೆ. ನಾನು ಆ ಕಡೆ ನೋಡದೆ, ಪ್ಲೇಯರಿನೊಳಗಿನ ಸಿಡಿ ಬೇಕು ಎಂದೆ. ಯಾರ್ಡಿನವನು ಬೇರೆ ಬ್ಯಾಟರಿ ತಂದು ವೈರು ಹಚ್ಚಿದ. ಪ್ಲೇಯರಿನ ದೀಪ ಹತ್ತಿತು. ಗುಂಡಿ ಒತ್ತುವ ಮೊದಲೇ ಹಾಡು ಶುರುವಾಯಿತು, ಮೊದಲಿನಿಂದ ಅಲ್ಲ, ನಡುವಿನಿಂದ. ಅಣ್ಣ ಎಲ್ಲಿಯವರೆಗೆ ಕೇಳಿದ್ದನೋ ಅಲ್ಲಿಂದ. ರ್ಯೋಜಿಯ ದನಿ ಏರಿತು, ಒಡೆಯಿತು. ಯಾರ್ಡಿನವನು ಟೊಪ್ಪಿಗೆ ತೆಗೆದು ನಿಂತ.

"ಯಾವ ಭಾಷೆನಮ್ಮ ಇದು?" ಅಂಕಲ್ ಕೇಳಿದರು.

"ಜಪಾನಿ. ಅಣ್ಣ ಇದನ್ನೇ ಕೇಳೋದು ಅಂಕಲ್. ವಚನ ಅಲ್ಲ."

ಆಸ್ಪತ್ರೆಯ ಮುಂದೆ ಕಾರು ನಿಲ್ಲಿಸಿ ಅಂಕಲ್ ಹೇಳಿದರು, "ನಿಮ್ಮ ತಾಯಿಗೆ ಹೇಳ್ಬೇಡಮ್ಮ. ಅವರಿಗೆ ಉಳಿದಿರೋದು ಅದೊಂದೇ."

ಅವರು ಹೇಳಿದ್ದು ತಪ್ಪೇನಲ್ಲ. ಸಿಡಿಯನ್ನು ನನ್ನ ಪ್ಲೇಯರಿಗೆ ಹಾಕಿ ಕೋಟಿನ ಜೇಬಿನಲ್ಲಿಟ್ಟುಕೊಂಡೆ.

ಮರುದಿನ ಊಟದ ಹೊತ್ತು ಕಳೆದ ಮೇಲೆ ಡಾಕ್ಟರು ಬಂದರು. ಕೈಕಾಲಿನ ಪಟ್ಟಿಗಳನ್ನು ಬಿಚ್ಚಿದರು. ಅಪ್ಪ ಅಣ್ಣನ ಹಣೆಗೆ ವಿಭೂತಿ ಹಚ್ಚಿದರು. ಅವ್ವ ಹೊಸ ಕ್ಯಾಸೆಟ್ ಹಾಕಲು ಬಗ್ಗಿದಳು.

"ಅವ್ವಾ, ಅದು ಬ್ಯಾಡ."

ನನ್ನದೇ ದನಿ ಎಂದು ನನಗೆ ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು. ಎಲ್ಲರೂ ನನ್ನ ಕಡೆ ತಿರುಗಿದ್ದರು. ಅಂಕಲ್ ಬೇಡ ಎಂಬಂತೆ ತಲೆಯಾಡಿಸಿದರು.

"ಅಣ್ಣಗ ಸೇರೋ ಹಾಡು ಬ್ಯಾರೆ ಅದಾವು." ಜೇಬಿನಿಂದ ಪ್ಲೇಯರ್ ತೆಗೆದೆ. "ಜಪಾನದಾಗಿನವು. ಒಬ್ಬ ನಟ ಹಾಡ್ಯಾನ."

"ತಲಿ ನೆಟ್ಟಗದನೇ ನಿಂದು?" ಅಪ್ಪ ಹಲ್ಲು ಕಚ್ಚಿ ಹೇಳಿದರು. "ಜೀವ ಹೋಗೂ ಮುಂದ ಕಿವಿಯೊಳಗ ಶಿವನಾಮ ಬೀಳಬೇಕು. ನಾಟಕದವನ ಹಾಡ ಹಚ್ಚಾಕ ನಿಂತಾಳ!"

ಅವ್ವ ಅವರನ್ನು ಕೈಯಿಂದ ತಡೆದಳು. "ಮತ್ತ ವಚನ? ಐತವಾರ ಹಚ್ಚಿರ್ತಿದ್ನಲ್ಲ?"

"ನಿನಗ ಫೋನ್ ಮಾಡೂಕಿಂತ ಮೊದ್ಲು ಹಚ್ಚತಿದ್ದ."

"ಫೋನ್ ಇಟ್ಟ ಮ್ಯಾಲ?"

ಒಂದು ಸುಳ್ಳಿಗೆ ಇನ್ನೂ ಜಾಗವಿತ್ತು. "ಬಂದ್ ಮಾಡ್ತಿದ್ದ" ಎಂದೆ.

ಅವ್ವನ ಮುಖ ಬದಲಾಗಲಿಲ್ಲ. ಕೈಯಲ್ಲಿದ್ದ ಕ್ಯಾಸೆಟ್ಟನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. ಅದು ಕೂರಲಿಲ್ಲ, ಮತ್ತೆ ಒತ್ತಿದಳು. ಮಗನ ಮುಖವನ್ನೇ ನೋಡಿದಳು, ಪರಿಚಯ ಮಾಡಿಕೊಳ್ಳುವವಳ ಹಾಗೆ.

"ನನ್ನ ಮುಂದ ಪಾರ್ಟ್ ಮಾಡಿದೇನೋ ಯಪ್ಪಾ" ಎಂದಳು ಮೆಲ್ಲಗೆ.

ಆಮೇಲೆ ಕುರ್ಚಿಯನ್ನು ಮಂಚದ ಬಲಕ್ಕೆ ಎಳೆದುಕೊಂಡಳು. "ಎರಡ ಕಿವಿ ಕೊಟ್ಟ ಹಡದೀನಿ ಅವನ್ನ. ಬಲಗಿವಿ ನಂದು. ಎಡಗಿವಿ ನೀ ತೊಗೊ."

ಅಪ್ಪ ಗೋಡೆಯ ಕಡೆ ತಿರುಗಿ ನಿಂತರು.

ಇಯರ್‌ಫೋನಿನ ಒಂದು ತುದಿಯನ್ನು ಅಣ್ಣನ ಎಡಗಿವಿಗೆ ಇಟ್ಟೆ. ಕಿವಿ ಬೆಚ್ಚಗಿತ್ತು. ಇನ್ನೊಂದು ತುದಿ ಹಾಸಿಗೆಯ ಮೇಲೆ ಬಿತ್ತು. ನರ್ಸ್ ಗಂಟಲಿನ ನಳಿಕೆ ತೆಗೆದಳು. ಅವ್ವ ಬಲಗಿವಿಗೆ ಬಾಯಿ ಹಚ್ಚಿ ಓಂ ನಮಃ ಶಿವಾಯ ಎನ್ನತೊಡಗಿದಳು, ಸಣ್ಣವನಿದ್ದಾಗ ಮಲಗಿಸುತ್ತಿದ್ದ ದನಿಯಲ್ಲಿ. ನಾನು ಎಡಗಿವಿಯ ಇಯರ್‌ಫೋನ್ ಜಾರದಂತೆ ಬೆರಳಿನಿಂದ ಹಿಡಿದುಕೊಂಡೆ. ರ್ಯೋಜಿಯ ಹಾಡು ನೊಣ ಗುಂಯ್ಗುಟ್ಟಿದಷ್ಟು ಸಣ್ಣಗೆ ನನಗೂ ಕೇಳಿಸುತ್ತಿತ್ತು.

ಅಣ್ಣ ಕಣ್ಣು ತೆರೆಯಲಿಲ್ಲ. ಬೆರಳು ಅಲುಗಿಸಲಿಲ್ಲ. ಉಸಿರುಗಳ ನಡುವೆ ತೆರಪು ದೊಡ್ಡದಾಗುತ್ತ ಹೋಯಿತು. ಒಂದು ತೆರಪು ಮುಗಿಯಲೇ ಇಲ್ಲ. ಡಾಕ್ಟರು ಸ್ಟೆತಾಸ್ಕೋಪ್ ಇಟ್ಟು ನೋಡಿ, ಗಡಿಯಾರ ನೋಡಿ, ಅಪ್ಪನ ಭುಜ ಮುಟ್ಟಿ ಹೊರಗೆ ಹೋದರು.

ಹಾಡು ಇನ್ನೂ ನಡೆದಿತ್ತು.

ಅವ್ವ ಮಂತ್ರ ನಿಲ್ಲಿಸಿದಳು. ಹಾಸಿಗೆಯ ಮೇಲೆ ಬಿದ್ದಿದ್ದ ಇನ್ನೊಂದು ತುದಿಯನ್ನು ಹುಡುಕಿ, ಅಣ್ಣನ ಎದೆಯ ಮೇಲೆ ಬಗ್ಗಿ, ಸೆರಗು ಸರಿಸಿ ತನ್ನ ಕಿವಿಗೆ ಇಟ್ಟುಕೊಂಡಳು. ಕಣ್ಣು ಮುಚ್ಚಿ ಕೇಳಿದಳು. ರ್ಯೋಜಿಯ ದನಿ ಮೇಲೆ ಹೋಗಿ ಒಡೆಯುವ ಜಾಗ ಬಂದಾಗ ಅವಳ ಹುಬ್ಬು ಕೂಡಿತು.

"ಪಾಪ, ಇವಗ ಹಾಡಾಕ ಬರಂಗಿಲ್ಲ" ಎಂದಳು.

"ಇನ್ನ ಬಂದ್ ಮಾಡವಾ ಅಕ್ಷಯಾ" ಎಂದರು ಅಪ್ಪ, ಗೋಡೆಯ ಕಡೆಯಿಂದಲೇ.

ನಾನು ಗುಂಡಿಯ ಕಡೆ ಕೈ ಒಯ್ದೆ. ಅವ್ವ ಕಣ್ಣು ತೆರೆಯದೆ ನನ್ನ ಕೈ ಹಿಡಿದಳು.

"ತಡಿ" ಎಂದಳು. "ಮುಗೀಲಿ."