ಮನೆಮಾತು

ಫುಟ್‌ಬಾಲ್ ಪಂದ್ಯದಲ್ಲಿ ಎದುರಾಳಿಯ ಮೊಣಕೈ ತಲೆಗೆ ಬಡಿದು ನೆಲಕ್ಕೆ ಬಿದ್ದ ದಿಶಾಳನ್ನು ನಾಲ್ಕು ನಿಮಿಷಕ್ಕೆಲ್ಲ ಮತ್ತೆ ಆಟಕ್ಕೆ ಇಳಿಸಿದರು. ಅವಳಿಗೆ ಹದಿನಾರು ವರ್ಷ. ಉಳಿದ ಇಪ್ಪತ್ತಾರು ನಿಮಿಷವನ್ನೂ ಅವಳು ಆಡಿದಳು.

ಆ ನಾಲ್ಕು ನಿಮಿಷ ತಂಡದ ಫಿಸಿಯೋ ಇಫ್ಫತ್ ಒಳಕೋಣೆಯಲ್ಲಿ ಗೋಲ್‌ಕೀಪರ್ ಹುಡುಗಿಯ ಉಳುಕಿದ ಕಾಲಿಗೆ ಪಟ್ಟಿ ಸುತ್ತುತ್ತಿದ್ದಳು. ಹೊರಗೆ ಬಂದರೆ ದಿಶಾ ಓಡುತ್ತಿದ್ದಾಳೆ. "ಸ್ವಲ್ಪ ಜಾರಿ ಬಿದ್ದಳು, ಅಷ್ಟೇ," ಅಂದ ಕೋಚ್ ಯೋರಾನ್. ತಲೆಯ ಮಾತೇ ಎತ್ತಲಿಲ್ಲ.

ಇಫ್ಫತ್ ಕಲಬುರಗಿಯವಳು. ಗಂಡ ಮಾಜಿದ್‌ನ ಇಂಜಿನಿಯರ್ ಕೆಲಸದ ಹಿಂದೆ ಸ್ವೀಡನ್ನಿಗೆ ಬಂದು, ಭಾಷೆ ಕಲಿತು, ಪರೀಕ್ಷೆ ಬರೆದು, ಸೋಲ್ನಾದ ಈ ಕ್ಲಬ್ಬಿಗೆ ಸೇರಿ ಐದು ವರ್ಷ. ಫಿಸಿಯೋ ಕೆಲಸ ಅಂದರೆ ನೋವಿನ ಜಾಗಕ್ಕೆ ಸ್ಪ್ರೇ ಹೊಡೆಯುವುದು ಅಂತ ಅನೇಕರು ತಿಳಿದಿದ್ದಾರೆ. ಯಾರ ಮುಟ್ಟು ಮೂರು ತಿಂಗಳಿಂದ ನಿಂತಿದೆ, ಯಾರು ತೆಳ್ಳಗಾಗಲು ಊಟ ಬಿಟ್ಟಿದ್ದಾಳೆ, ಯಾರು ರಂಜಾನಿನ ರೋಜಾ ಹಿಡಿದು ಬಿಸಿಲಲ್ಲಿ ಓಡುತ್ತಿದ್ದಾಳೆ, ಯಾರ ಎದೆ ಹೆಚ್ಚು ಹೊಡೆದುಕೊಳ್ಳುತ್ತಿದೆ, ಯಾರಿಗೆ ನಿದ್ದೆಯಿಲ್ಲ: ಇದೆಲ್ಲ ಅವಳ ಕೆಲಸವೇ. ಎಲ್ಲಕ್ಕಿಂತ ದೊಡ್ಡ ಕೆಲಸ, ಗೆಲ್ಲಬೇಕೆಂದು ಕೂಗುವವರ ನಡುವೆ ನಿಂತು "ಸಾಕು" ಅನ್ನುವುದು. ಗೆದ್ದ ಕಪ್ ಎತ್ತಿದ ಫೋಟೋದಲ್ಲಿ ಅವಳಿಗೆ ಜಾಗವಿಲ್ಲ, ಇರಲಿ. ಮಂಡಿ ಸವೆದ, ತಲೆಗೆ ಏಟು ಬಿದ್ದ ಹುಡುಗಿಯರಿಗೂ ಅಲ್ಲಿ ಜಾಗವಿಲ್ಲವಲ್ಲ, ಅವಳ ಸಿಟ್ಟು ಅಲ್ಲಿಂದ ಹುಟ್ಟುತ್ತದೆ.

ಮರುದಿನ ಫ್ಲೆಮಿಂಗ್ಸ್‌ಬೆರ್ಯ್‌ನಲ್ಲಿ ಒಂದು ತರಬೇತಿ ಮುಗಿಸಿ ರೈಲು ಹತ್ತಿದವಳು ಕನ್ನಡಿಗರ ವಾಟ್ಸಾಪ್ ಗುಂಪು ತೆರೆದಳು. ದಿಶಾಳ ಅಮ್ಮ ಮಾಲತಿ ಬರೆದಿದ್ದಳು: "ನಿನ್ನೆ ಗ್ರೌಂಡಲ್ಲಿ ತಲೆಗೆ ಮೊಣಕೈ ಏಟು ಬಿದ್ದು ಎದ್ದವಳೇ ಎಲ್ಲರ ಮುಂದೆ ನಮ್ಮ ದಿಶಾ ಕನ್ನಡ ಮಾತಾಡಿದ್ಲು ಕಣ್ರೀ!" ಕೆಳಗೆ ಲಾಡು ಚಿತ್ರಗಳ ಸಾಲು, ಚಪ್ಪಾಳೆಗಳ ಸಾಲು. ಭಾನುವಾರದ ಕನ್ನಡ ಕ್ಲಾಸಿನ ಭಾಸ್ಕರ ಮೇಷ್ಟ್ರ ಚಟಾಕಿ ಬೇರೆ: "ಹತ್ತು ವರ್ಷ ನಾನು ಮಾಡದ್ದನ್ನ ಒಂದು ಮೊಣಕೈ ಏಟು ಮಾಡ್ತಲ್ಲ ಮೇಡಂ, ಏಟು ಕೊಟ್ಟ ಆ ಹುಡುಗೀನ ನಮ್ಮ ಶಾಲೆಗೆ ಕಳಿಸಿ!"

ಇಫ್ಫತ್ ಆ ಸಾಲನ್ನು ಮತ್ತೆ ಓದಿದಳು. ದಿಶಾ ಕನ್ನಡ ಆಡುವವಳೇ ಅಲ್ಲ. ಅಮ್ಮ ಕನ್ನಡದಲ್ಲಿ ಕೇಳಿದರೆ ಮಗಳು ಸ್ವೀಡಿಷಿನಲ್ಲಿ ಉತ್ತರಿಸುತ್ತಾಳೆ. ಏನು ಕೇಳಿದರೂ ಒಂದೇ ಮಾತು, "ಲುಂಗ್ತ್, ಮಮ್ಮಾ." ಚಿಂತೆಯಿಲ್ಲ ಅಂತ.

ಸ್ಟೇಷನ್ನಿಂದ ನೇರ ಮಾಲತಿಯ ಫ್ಲ್ಯಾಟಿಗೇ ಹೋದಳು.

"ಬನ್ನಿ ಬನ್ನಿ, ಲಾಡು ತಿನ್ನೋಕೆ ಬಂದ್ರಾ?" ಅಂದಳು ಮಾಲತಿ.

"ದಿಶಾ ಎಲ್ಲಿ?"

"ಮಲಗಿದಾಳೆ. ಬೆಳಕು ಚುಚ್ಚುತ್ತೆ ಅಂತ ಪರದೆ ಎಳ್ಕೊಂಡಿದಾಳೆ. ಮೊಬೈಲೂ ಬೇಡ್ವಂತೆ, ನೋಡಿ, ಎಲ್ಲಾ ಒಳ್ಳೇದಕ್ಕೇ!"

"ಮಾಲತಿ, ನಿನ್ನೆ ಅವಳು ಏನಂದ್ಲು? ಇದ್ದದ್ದು ಇದ್ದಂಗೆ ಹೇಳ್ರಿ."

"ಯೋರಾನ್ ಅವಳನ್ನ ಕೇಳ್ದ, ನಾವು ಎಲ್ಲಿದೀವಿ ಅಂತ. ಅವಳು ನನ್ ಕಡೆ ತಿರುಗಿ, ಅಮ್ಮಾ, ನೀಲು ಬೇಕು, ಅಂದ್ಲು. ಏನಂದ್ಲು ಅಂತ ಅವನು ನನ್ನ ಕೇಳ್ದ. ನೀರು ಕೇಳ್ತಿದಾಳೆ, ಚೆನ್ನಾಗಿದಾಳೆ ಅಂದೆ." ಮಾಲತಿಯ ಮುಖ ಇನ್ನೂ ಅರಳಿಯೇ ಇತ್ತು. "ಮಮ್ಮಾ ಅಲ್ಲ ಇಫ್ಫತ್, ಅಮ್ಮಾ ಅಂದ್ಲು!"

"ನೀರು ಅಂದ್ಲೋ, ನೀಲು ಅಂದ್ಲೋ?"

"ನೀಲು. ಡಾಗಿಸ್ ಶಿಶುವಿಹಾರಕ್ಕೆ ಸೇರಿಸೋ ಮುಂಚೆ ಹಾಗೇ ಅನ್ನೋಳು, ಮೂರು ವರ್ಷದ ಮಗು..."

ನಾಲ್ಕು ಮಂದಿಯ ನಡುವೆ ಹದವಾಗಿ ಬೆಂಗಳೂರು ಕನ್ನಡ ಆಡುತ್ತಿದ್ದ ಇಫ್ಫತ್‌ಳ ನಾಲಿಗೆಗೆ ತನ್ನೂರಿನ ಮಾತು ಬಂತು. "ಹದಿನಾರರ ಹುಡುಗಿ ಮೂರರ ಕೂಸಿನಂಗ ಮಾತಾಡ್ಯಾಳ. ಯಾವ ಊರಾಗ ಇದೀನಿ ಅಂತ ಆಕಿಗಿ ಗೊತ್ತಿದ್ದಿಲ್ಲ. ಅದು ಕನ್ನಡ ಬಂದಿದ್ದಲ್ಲವ್ವಾ, ತಲಿ ಕದಡಿದ್ದು!"

ಮಾಲತಿ ಮಗಳ ಕೋಣೆಯತ್ತ ತಿರುಗಿದಳು. "ನಾನೇ... ನಾನೇ ವಾಪಸ್ ಆಟಕ್ಕೆ ಕಳಿಸಿದ್ನಾ?"

"ಕಳಿಸಿದವನು ಕೋಚ್. ಏಟು ಬಿದ್ದವಳನ್ನ ಕೂರಿಸಬೇಕು ಅಂತ ನಿಯಮ ಐತಿ. ಅಮ್ಮನ ಹತ್ರ ತರ್ಜುಮೆ ಮಾಡಿಸಿ ಇಳಿಸು ಅಂತ ಎಲ್ಲೂ ಇಲ್ಲ. ನಡೀರಿ, ಆಸ್ಪತ್ರೆಗೆ ಹೋಗೂಣು."

ಸ್ಕ್ಯಾನಿನಲ್ಲಿ ರಕ್ತಸ್ರಾವ ಕಾಣಲಿಲ್ಲ. ಡಾಕ್ಟರು, ಮೊದಲು ವಿಶ್ರಾಂತಿ, ಲಕ್ಷಣಗಳೆಲ್ಲ ಹೋದ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಆಟಕ್ಕೆ, ಅಂದರು. ಇಫ್ಫತ್ ಕ್ಲಬ್ಬಿನ ಗಾಯದ ವರದಿಯಲ್ಲಿ ನಡೆದದ್ದನ್ನೆಲ್ಲ ಬರೆದಳು: ಏಟು, ನಾಲ್ಕು ನಿಮಿಷ, ಎಂದೂ ಕನ್ನಡ ಆಡದವಳ ಆ ಮೂರು ಮಾತು. ಕೊನೆಗೆ, ಶನಿವಾರ ಆಡಿಸಕೂಡದು.

ಶನಿವಾರವೇ ಫೈನಲ್. ರಾಷ್ಟ್ರೀಯ ಕಿರಿಯರ ತಂಡಕ್ಕೆ ಆಯ್ಕೆ ಮಾಡುವವರು ಬರುವವರಿದ್ದರು. ಶುಕ್ರವಾರ ಸಂಜೆ ಯೋರಾನ್ ಅಮ್ಮ ಮಗಳಿಬ್ಬರನ್ನೂ ಕ್ಲಬ್ಬಿಗೆ ಕರೆಸಿದ. ಇಫ್ಫತ್‌ಳನ್ನು ಕರೆದಿರಲಿಲ್ಲ, ಅವಳು ಕರೆಯದೆಯೇ ಬಂದು ಕುರ್ಚಿ ಎಳೆದುಕೊಂಡಳು.

ಯೋರಾನ್ ಕಾಫಿ ಬಗ್ಗಿಸಿದ, ದಾಲ್ಚಿನ್ನಿ ಬನ್ನು ಮುಂದಿಟ್ಟ. ಅವನು ದನಿ ಏರಿಸುವ ಮನುಷ್ಯನಲ್ಲ. "ಸ್ಕ್ಯಾನಿನಲ್ಲಿ ಏನೂ ಕಂಡಿಲ್ಲ. ತೊಡಕು ಒಂದೇ, ಇಫ್ಫತ್ ಬರೆದ ಆ ಭಾಷೆಯ ವಿಷಯ. ನೀವು ಎರಡು ಸಾಲು ಬರೆದುಕೊಡಿ: ನಮ್ಮ ಮನೆಮಾತು ಕನ್ನಡ, ಮಗಳು ನನ್ನೊಡನೆ ಯಾವಾಗಲೂ ಕನ್ನಡದಲ್ಲೇ ಮಾತಾಡುತ್ತಾಳೆ. ಅಷ್ಟಾದರೆ ಅವಳು ಆಡಬಹುದು ಅಂತ ಬೇರೆ ಫಿಸಿಯೋ ಸಹಿ ಹಾಕುತ್ತಾರೆ."

"ಸ್ಕ್ಯಾನು ರಕ್ತ ಹುಡುಕುತ್ತೆ, ಗಲಿಬಿಲಿ ಹುಡುಕಲ್ಲ," ಅಂದಳು ಇಫ್ಫತ್. "ಇನ್ನೊಂದು ಏಟು ಬಿದ್ದರೆ ಹೊಣೆ ಯಾರದು?"

"ಕೇಳಿದ್ದು ತಾಯಿಯನ್ನು," ಅಂದ ಯೋರಾನ್, ಪೆನ್ನನ್ನು ಮಾಲತಿಯತ್ತ ಸರಿಸಿ.

ದೀಪಕ್ಕೆ ಕಣ್ಣು ಕಿರಿದಾಗಿಸಿಕೊಂಡೇ ದಿಶಾ ಸ್ವೀಡಿಷಿನಲ್ಲಿ ಅಂದಳು, "ಬರಿ, ಮಮ್ಮಾ. ಪ್ಲೀಸ್. ಲುಂಗ್ತ್, ನಾನು ಆಡ್ತೀನಿ."

ಮಾಲತಿ ಕಾಗದ ನೋಡಿದಳು. ಮದುವೆಮನೆಗಳಲ್ಲಿ, ಯುಗಾದಿ ಊಟಗಳಲ್ಲಿ, ಬೆಂಗಳೂರಿನ ಅತ್ತೆಗೆ ಫೋನಿನಲ್ಲಿ ಮಗಳಿಗೆ ಹೊರಗೆ ನಾಚಿಕೆ, ಮನೆಯಲ್ಲಿ ಬರೀ ಕನ್ನಡವೇ ಅಂತ ಅವಳು ನೂರು ಸಲ ಹೇಳಿದ್ದ ಸಾಲೇ ಅದು.

"ಇಫ್ಫತ್, ನಾಳೆ ನಮ್ಮ ವಾಟ್ಸಾಪ್ ಗುಂಪಿನವರು ನಗೋದಾದ್ರೆ ನಗಲಿ," ಅಂದಳು ಮಾಲತಿ. ಆಮೇಲೆ ಯೋರಾನ್ ಕಡೆ ತಿರುಗಿ, ತಡವರಿಸುವ ತನ್ನ ಸ್ವೀಡಿಷಿನಲ್ಲಿ, ಒಂದೊಂದೇ ಪದ ಊರಿ ಹೇಳಿದಳು:

"ನನ್ನ ಮಗಳಿಗೆ ಕನ್ನಡ ಬರೋದಿಲ್ಲ. ಮನೇಲಿ ಅವಳು ಕನ್ನಡ ಆಡೋದೇ ಇಲ್ಲ. ನಾನಿದನ್ನ ಬರೆಯೋದಿಲ್ಲ."